ಅಪ್ಪ ತಿದ್ದಿದ ಕಣ್ಣುಗಳು

ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಬೇರೆಯವರು ಇದನ್ನು ಗಾದೆ ಎಂದು ಹೇಳಿ ನಗಬಹುದು, ಆದರೆ ಫೋಟೋ ಸ್ಟುಡಿಯೋ ನಡೆಸುವವರಿಗೆ ಇದು ವ್ಯಾಪಾರದ ಮೊದಲ ಪಾಠ. ಇದ್ದ ಮುಖವನ್ನು ಇದ್ದ ಹಾಗೇ ಪ್ರಿಂಟು ಹಾಕಿ ಕೊಟ್ಟರೆ ಯಾವ ಗಿರಾಕಿಯೂ ಎರಡನೇ ಸಲ ಮೆಟ್ಟಿಲು ಹತ್ತುವುದಿಲ್ಲ. ಮೊಡವೆ ಮಾಯವಾಗಬೇಕು, ಗದ್ದದ ಕೆಳಗಿನ ಇನ್ನೊಂದು ಗದ್ದ ಕರಗಬೇಕು, ಮದುಮಗನ ನೆತ್ತಿಯ ಮೇಲೆ ನಾಲ್ಕು ಕೂದಲು ಚಿಗುರಬೇಕು. ಈ ವಿದ್ಯೆಯಲ್ಲಿ ಅಪ್ಪನನ್ನು ಮೀರಿಸುವವರು ಆ ಬೀದಿಯಲ್ಲೇ ಇರಲಿಲ್ಲ. ಹಿಂದೆಲ್ಲ ಸಣ್ಣ ಕುಂಚ ಹಿಡಿದು ನೆಗೆಟಿವ್‌ನ ಮೇಲೆ ತಿದ್ದುತ್ತಿದ್ದರು, ಈಗ ಕಂಪ್ಯೂಟರಿನಲ್ಲಿ ತಿದ್ದುತ್ತಾರೆ. ಕಂಪ್ಯೂಟರ್ ಕಲಿಸಿಕೊಟ್ಟವಳು ದೊಡ್ಡ ಮಗಳು. ಹಾಗೆ ಕಲಿಸಿದ್ದಕ್ಕೆ ತನ್ನ ಕೈಯನ್ನು ತಾನೇ ಕಡಿದುಕೊಳ್ಳಬೇಕು ಎಂದು ಅವಳಿಗೆ ಅನ್ನಿಸಿದ್ದು ಆಮೇಲಿನ ಮಾತು.

ಮನೆಯಲ್ಲೂ ಸ್ಟುಡಿಯೋದಲ್ಲೂ ಅವಳು ದೊಡ್ಡವಳು, ಅವಳ ತಂಗಿ ಪುಟ್ಟಿ. ದೊಡ್ಡವಳು ಸ್ಟುಡಿಯೋದ ಕೌಂಟರ್ ನೋಡಿಕೊಳ್ಳುತ್ತಿದ್ದಳು. ಪಾಸ್‌ಪೋರ್ಟ್ ಫೋಟೋ ಕತ್ತರಿಸುವುದು, ಆಲ್ಬಮ್ ಕಟ್ಟುವುದು, ಕ್ಯಾಮೆರಾ ಕಂಡು ಅಳುವ ಮಕ್ಕಳ ಮುಂದೆ ಗಿಲಕಿ ಆಡಿಸುವುದು ಎಲ್ಲ ಅವಳದೇ. ಗಂಡ ಬೇಕರಿಯಲ್ಲಿ ಬ್ರೆಡ್ ಬೇಯಿಸುವವನು. ಅವರಿಗೆ ಒಬ್ಬಳೇ ಮಗಳು. ಆ ಮಗು ಹುಟ್ಟಿದಾಗ ನೋಡಲು ಬಂದವರೆಲ್ಲ ಕಣ್ಣನ್ನು ಬಾಯಿ ತುಂಬ ಹೊಗಳಿದ್ದರು. ಎಷ್ಟು ದೊಡ್ಡ ಕಣ್ಣು, ಎಷ್ಟು ಕಪ್ಪು ಕಣ್ಣು ಅಂದರು. ಕಪ್ಪು ಅನ್ನುವುದು ನಿಜವೇ. ಪಾಪೆಯ ಸುತ್ತ ಎಲ್ಲರಿಗೂ ಇರುವ ಕಂದು ಉಂಗುರ ಆ ಕಣ್ಣುಗಳಲ್ಲಿ ಇರಲೇ ಇಲ್ಲ. ಬೆಳಕು ತಡೆಯುವ ಉಂಗುರವೇ ಇಲ್ಲದ ಮೇಲೆ ಮಗು ಬಿಸಿಲಿಗೆ ಬಂದರೆ ಮುಖ ಕಿವುಚಿ ಚೀರುತ್ತಿತ್ತು, ಸಂಜೆಯಾದರೆ ಕಣ್ಣರಳಿಸಿಕೊಂಡು ನಗುತ್ತಿತ್ತು. ಅಪ್ಪ ಅದಕ್ಕೆ ಗೂಬೆಮರಿ ಎಂದು ಹೆಸರಿಟ್ಟರು. ಎಲ್ಲರೂ ನಕ್ಕರು, ದೊಡ್ಡವಳೂ ನಕ್ಕಳು.

ಕಣ್ಣಿನ ಡಾಕ್ಟರಿಗೆ ತೋರಿಸೋಣ ಎಂದು ಅವಳು ಹೊರಟಾಗಲೆಲ್ಲ ಅಪ್ಪ ಅಡ್ಡ ಬಂದರು. ನಾನು ಜೀವಮಾನವಿಡೀ ಮಕ್ಕಳ ಕಣ್ಣು ನೋಡಿಕೊಂಡೇ ಬಂದವನು, ಬೆಳೆಯುತ್ತಾ ಬೆಳೆಯುತ್ತಾ ಸರಿಹೋಗುತ್ತದೆ, ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಯಾಕೆ ಎಂದರು. ಮಗುವಿಗೆ ಒಂದು ಪುಟ್ಟ ಬಣ್ಣದ ಕನ್ನಡಕ ತಂದುಕೊಟ್ಟರು. ಅದನ್ನು ಹಾಕಿಸಿ ಫೋಟೋ ತೆಗೆದರು. ಲೆನ್ಸಿನ ಹಿಂದೆ ನಿಂತೇ ತಲೆ ನೆರೆದ ಮನುಷ್ಯ ಇಷ್ಟು ಧೈರ್ಯವಾಗಿ ಹೇಳಿದರೆ ಯಾರು ತಾನೇ ನಂಬುವುದಿಲ್ಲ? ಅವಳೂ ನಂಬಿದಳು. ಅಪ್ಪ ಅಲ್ಲವೇ.

ಗೂಬೆಮರಿಗೆ ಒಂದೂವರೆ ವರ್ಷವಾಗಿದ್ದಾಗ ಒಂದು ದಿನ ಸ್ನಾನ ಮಾಡಿಸುತ್ತಿದ್ದ ದೊಡ್ಡವಳ ಸೋಪಿನ ಕೈಗೆ ಮಗುವಿನ ಹೊಟ್ಟೆಯ ಎಡಬದಿಯಲ್ಲಿ ಏನೋ ಗಟ್ಟಿಯಾಗಿ ಸಿಕ್ಕಿತು. ಮಗು ನಗುತ್ತಲೇ ಇತ್ತು, ನೀರು ಎರಚುತ್ತಲೇ ಇತ್ತು. ಅವಳು ಮತ್ತೆ ಒತ್ತಿ ನೋಡಿದಳು. ಅವಳ ಮುಷ್ಟಿಯಷ್ಟಿತ್ತು. ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿ, ಮೂತ್ರಪಿಂಡದಲ್ಲಿ ಗಡ್ಡೆ ಎಂದರು. ಹೊಟ್ಟೆ ಕೊಯ್ದು ಆ ಮೂತ್ರಪಿಂಡವನ್ನು ಗಡ್ಡೆಯ ಸಮೇತ ತೆಗೆದರು. ಆಮೇಲೆ ವಾರವಾರವೂ ಔಷಧಿ, ವಾರವಾರವೂ ವಾಂತಿ. ಕೂದಲೆಲ್ಲ ದಿಂಬಿನ ಮೇಲೆ ಉಳಿಯಿತು.

ಮಕ್ಕಳ ಗಡ್ಡೆ ನೋಡುವ ಡಾಕ್ಟರಮ್ಮ ಸಿಟ್ಟಿನ ಹೆಂಗಸು. ಅದಕ್ಕೇ ದೊಡ್ಡವಳಿಗೆ ಆಕೆ ಹಿಡಿಸಿದ್ದು. ಇಂಥ ಕಣ್ಣಿನ ಮಗು ಹುಟ್ಟಿದರೆ ಮೊದಲು ರಕ್ತ ಪರೀಕ್ಷೆ ಮಾಡಿಸಬೇಕು, ಮೂರು ತಿಂಗಳಿಗೊಮ್ಮೆ ಹೊಟ್ಟೆಯ ಸ್ಕ್ಯಾನ್ ಆಗಬೇಕು, ಏಳೆಂಟು ವರ್ಷ ತುಂಬುವವರೆಗೂ ಬಿಡಬಾರದು, ಇಷ್ಟು ದಿನ ಎಲ್ಲಿದ್ದಿರಿ ಎಂದು ತರಾಟೆಗೆ ತೆಗೆದುಕೊಂಡರು. ಗೋಲಿಯಷ್ಟಿದ್ದಾಗ ಸಿಕ್ಕಿದ್ದರೆ ಮಗು ಇಷ್ಟು ನರಳಬೇಕಿರಲಿಲ್ಲ ಎಂದರು. ದೊಡ್ಡವಳು ತಲೆ ತಗ್ಗಿಸಿಕೊಂಡು ಕೇಳಿದಳು. ಪಕ್ಕದ ಕುರ್ಚಿಯಲ್ಲಿ ಅಪ್ಪ ಕೂತಿದ್ದರು. ಅವರೂ ತಲೆ ತಗ್ಗಿಸಿದ್ದರು, ಮೊಮ್ಮಗಳ ಸಂಕಟಕ್ಕೆ ಎಂದು ಅವಳು ತಿಳಿದುಕೊಂಡಳು.

ಮಗುವಿನ ರಕ್ತ ನೋಡಿದ ಮೇಲೆ ದೊಡ್ಡವಳ ರಕ್ತ, ಅವಳ ಗಂಡನ ರಕ್ತ, ಆಮೇಲೆ ಅಪ್ಪ ಅಮ್ಮನ ರಕ್ತ ಎಲ್ಲವನ್ನೂ ಡಾಕ್ಟರಮ್ಮ ತರಿಸಿಕೊಂಡರು. ಇವರು ಸ್ಟುಡಿಯೋದವರು ಎಂದು ಗೊತ್ತಾದ ಮೇಲೆ ಅವರಿಗೆ ತಿಳಿಯುವ ಹಾಗೆಯೇ ಹೇಳಿದರು. ಮೈಯೊಳಗಿನ ಕ್ರೋಮೋಸೋಮುಗಳನ್ನು ಹಳೆಯ ಫಿಲ್ಮ್ ರೋಲುಗಳು ಅಂದುಕೊಳ್ಳಿ ಎಂದರು. ಒಂದು ರೋಲಿನಿಂದ ಒಂದು ಚೂರು ಕತ್ತರಿಸಿ ಇನ್ನೊಂದು ರೋಲಿಗೆ ಅಂಟಿಸಿಬಿಟ್ಟಿದೆ. ಎರಡು ರೋಲೂ ಒಬ್ಬರ ಹತ್ತಿರವೇ ಇರುವವರೆಗೆ ಒಂದು ಚಿತ್ರವೂ ಕಳೆದಿಲ್ಲ, ಆ ಮನುಷ್ಯನಿಗೆ ಏನೂ ಆಗುವುದಿಲ್ಲ. ಆದರೆ ಮಗುವಿಗೆ ಕತ್ತರಿಸಿದ ರೋಲು ಹೋಗಿ, ಅಂಟಿಸಿದ ರೋಲು ಹೋಗದೆ ಉಳಿದರೆ ಆ ಚೂರು ಮಗುವಿನ ಪಾಲಿಗೆ ಇಲ್ಲ. ಆ ಚೂರಿನಲ್ಲೇ ಕಣ್ಣಿನ ಉಂಗುರ ಮಾಡುವ ಮಾಹಿತಿ ಇದೆ, ಅದರ ಪಕ್ಕದಲ್ಲೇ ಮೂತ್ರಪಿಂಡ ಕಾಯುವ ಮಾಹಿತಿಯೂ ಇದೆ. ಎರಡೂ ಕಳೆದುಕೊಂಡ ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಕ್ಕಳಿಗೆ ಈ ಗಡ್ಡೆ ಬರುತ್ತದೆ. ಗೂಬೆಮರಿಗೆ ದೊಡ್ಡವಳಿಂದ ಬಂದದ್ದು, ದೊಡ್ಡವಳಿಗೆ ಅಪ್ಪನಿಂದ ಬಂದದ್ದು. ಇದು ಯಾರ ತಪ್ಪೂ ಅಲ್ಲ ಎಂದು ಡಾಕ್ಟರಮ್ಮ ಹೇಳಿದರು. ಆ ಒಂದು ಮಾತನ್ನು ಅಪ್ಪ ಗಟ್ಟಿಯಾಗಿ ಹಿಡಿದುಕೊಂಡರು. ನಿಮ್ಮ ಕಡೆ ಹಿಂದೆ ಯಾರಿಗಾದರೂ ಹೀಗೆ ಆಗಿತ್ತೇ ಎಂದು ಕೇಳಿದಾಗ ಇಲ್ಲವೆಂದು ತಲೆಯಾಡಿಸಿದರು.

ಪುಟ್ಟಿ ಆಗ ಬಸುರಿ. ಅವಳ ಗಂಡ ಹಡಗಿನಲ್ಲಿ ಅಡುಗೆಯವನು, ಅವಳಿದ್ದದ್ದು ದೂರದ ಬಂದರಿನ ಊರಿನಲ್ಲಿ. ಅವಳಿಗೂ ಅಪ್ಪನದೇ ರೋಲು ಬಂದಿರಬಹುದು, ಈವತ್ತೇ ತಿಳಿಸಿ ಎಂದು ಡಾಕ್ಟರಮ್ಮ ಒತ್ತಿ ಹೇಳಿದರು. ಅವಳ ರಕ್ತ ನೋಡಿದರೆ ಸಾಕು, ಬೇಕಿದ್ದರೆ ಹೊಟ್ಟೆಯಲ್ಲಿರುವ ಮಗುವನ್ನೂ ನೋಡಬಹುದು, ಏನೂ ಬೇಡವೆಂದರೂ ಹುಟ್ಟಿದ ತಕ್ಷಣ ಕಣ್ಣು ನೋಡಿ ಸ್ಕ್ಯಾನ್ ಶುರು ಮಾಡಲೇಬೇಕು ಎಂದರು. ದೊಡ್ಡವಳು ಅಲ್ಲೇ ಫೋನ್ ತೆಗೆದಳು. ಅಪ್ಪ ಅವಳ ಕೈ ಹಿಡಿದರು. ನೀನು ಅಳುತ್ತಾ ಹೇಳಿದರೆ ಅವಳು ಹೆದರುತ್ತಾಳೆ, ನಾನು ಹೆತ್ತ ತಂದೆ, ನಾನೇ ಸಮಾಧಾನವಾಗಿ ಹೇಳುತ್ತೇನೆ ಎಂದರು. ಕೆಲವು ದಿನ ಬಿಟ್ಟು, ಹೇಳಿದೆ, ಪರೀಕ್ಷೆ ಮಾಡಿಸಿದಳು, ಅವಳ ರೋಲುಗಳೆಲ್ಲ ಸರಿ ಇವೆಯಂತೆ ಎಂದರು. ಪಾಪ ತುಂಬ ಹೆದರಿದ್ದಾಳೆ, ಆ ವಿಷಯ ಮಾತ್ರ ಎತ್ತಬೇಡ ಎಂದೂ ಸೇರಿಸಿದರು.

ಅತ್ತ ಪುಟ್ಟಿಗೆ, ಅಕ್ಕನ ಹತ್ತಿರ ಮಗುವಿನ ಕಾಯಿಲೆ ಮಾತು ತೆಗೆಯಬೇಡ, ಗಂಟೆಗಟ್ಟಲೆ ಅಳುತ್ತಾಳೆ ಎಂದು ಹೇಳಿಟ್ಟಿದ್ದರು. ಹೀಗೆ ಅಕ್ಕತಂಗಿಯರು ತಿಂಗಳುಗಟ್ಟಲೆ ಫೋನಿನಲ್ಲಿ ಊಟ ಆಯಿತಾ, ನಿದ್ದೆ ಬಂತಾ ಎಂದು ಮಾತಾಡಿಕೊಂಡರು. ಇಬ್ಬರ ಕಿವಿಗೂ ಹೂವಿಟ್ಟವರು ಅಪ್ಪ. ಮಗಳು ವಾಂತಿ ಮಾಡಿಕೊಳ್ಳುವಾಗ ಪಾತ್ರೆ ಹಿಡಿದು ಕೂತವಳಿಗೆ ತಂದೆಯ ಮಾತಿನ ಎಳೆ ಬಿಡಿಸಿ ನೋಡುವಷ್ಟು ತ್ರಾಣ ಎಲ್ಲಿತ್ತು?

ಹೆರಿಗೆಗೆ ಪುಟ್ಟಿ ಅಪ್ಪ ಅಮ್ಮನ ಮನೆಗೇ ಬಂದಳು. ಗಂಡುಮಗು ಹುಟ್ಟಿತು. ದೊಡ್ಡವಳು ನೋಡಲು ಹೊರಟರೆ ಅಪ್ಪ ಈಗ ಬೇಡ ಅಂದರು. ಆಸ್ಪತ್ರೆಗೆ ಓಡಾಡುವವಳು ನೀನು, ಹಸುಗೂಸಿಗೆ ಏನಾದರೂ ಅಂಟಿದರೆ ಎಂದರು. ಮಾತು ನ್ಯಾಯವಾಗಿಯೇ ಕೇಳಿಸಿತು. ಅಪ್ಪನ ಸುಳ್ಳುಗಳೆಲ್ಲ ಹಾಗೆಯೇ, ಸ್ನಾನ ಮಾಡಿ ತಲೆ ಬಾಚಿಕೊಂಡು ಬರುತ್ತವೆ.

ಒಂದು ಮಧ್ಯಾಹ್ನ ದೊಡ್ಡವಳು ಮಗಳನ್ನು ಗಂಡನ ಹತ್ತಿರ ಮಲಗಿಸಿ, ಬಹಳ ದಿನಗಳ ಮೇಲೆ ಸ್ಟುಡಿಯೋಕ್ಕೆ ಬಂದಳು. ಕೌಂಟರಿನಲ್ಲಿ ಯಾರೂ ಇರಲಿಲ್ಲ. ಹಿಂದಿನ ಕೋಣೆಯಲ್ಲಿ ದೀಪದ ಛತ್ರಿಗಳನ್ನು ಮಡಚಿ ಗೋಡೆಗೆ ಒರಗಿಸಿತ್ತು, ನೀಲಿ ಪರದೆ ಅರ್ಧ ಇಳಿದಿತ್ತು. ಅಪ್ಪ ಕಂಪ್ಯೂಟರಿನ ಮುಂದೆ ಬಾಗಿ ಕೂತಿದ್ದರು. ಪರದೆಯ ತುಂಬ ಒಂದೇ ಒಂದು ಕಣ್ಣು, ತಟ್ಟೆಯಷ್ಟು ದೊಡ್ಡದು. ಅದರ ಸುತ್ತ ಹಸುಗೂಸಿನ ಚರ್ಮ, ಕೆಂಪು, ಸುಕ್ಕುಸುಕ್ಕು. ಕಪ್ಪಗಿದ್ದ ಕಣ್ಣಿನೊಳಗೆ ಅಪ್ಪ ಕಂದು ಬಣ್ಣದ ಉಂಗುರವೊಂದನ್ನು ತಂದು ಕೂರಿಸುತ್ತಿದ್ದರು. ಅಂಚು ಗೊತ್ತಾಗದ ಹಾಗೆ ನಯ ಮಾಡುತ್ತಿದ್ದರು.

ಉಂಗುರದ ಕೆಳಗಡೆ ಎಳ್ಳಿನಷ್ಟು ಒಂದು ಚುಕ್ಕೆ ಇತ್ತು. ದೊಡ್ಡವಳು ದಿನಾ ಕನ್ನಡಿಯಲ್ಲಿ ನೋಡುವ ಚುಕ್ಕೆ ಅದು. ಅವಳ ಬಾಲ್ಯದ ಫೋಟೋದಿಂದ ಅವಳ ಕಣ್ಣನ್ನೇ ಎರವಲು ತಂದಿದ್ದರು.

"ಇದು ಯಾರ ಕಣ್ಣು?" ಎಂದು ಕೇಳಿದಳು.

ಅಪ್ಪ ಬೆಚ್ಚಿಬಿದ್ದರು. "ಪುಟ್ಟಿ ಮಗೂದು. ಬೆಳಕು ಜಾಸ್ತಿ ಬಿದ್ದಿತ್ತು, ಸರಿ ಮಾಡ್ತಿದ್ದೆ."

ಅವಳು ಅವರ ಕೈಯನ್ನು ಪಕ್ಕಕ್ಕೆ ತಳ್ಳಿ, ಮಾಡಿದ ಕೆಲಸ ಅಳಿಸುವ ಕೀಲಿಯನ್ನು ಒತ್ತುತ್ತಾ ಹೋದಳು. ನಯವಾಗಿದ್ದ ಅಂಚು ಒರಟಾಯಿತು. ಬಣ್ಣ ಹೋಯಿತು. ಉಂಗುರ ಹೋಯಿತು. ಕೊನೆಗೆ ಉಳಿದದ್ದು ಅಂಚಿನಿಂದ ಅಂಚಿನವರೆಗೂ ಕಪ್ಪು, ಗೂಬೆಮರಿಯದೇ ಕಣ್ಣು. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ? ಅವಳು ಅಪ್ಪನ ಕಡೆ ತಿರುಗಿದಳು.

"ಪುಟ್ಟಿಗೆ ಹೇಳ್ದೆ ಅಂದ್ರಿ. ಪರೀಕ್ಷೆ ಆಯ್ತು ಅಂದ್ರಿ."

ಅಪ್ಪ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು, ಮತ್ತೆ ಹಾಕಿಕೊಂಡರು, ಮತ್ತೆ ತೆಗೆದರು. ಆಮೇಲೆ ಬಾಯಿ ಬಿಟ್ಟರು. ಬಸುರಿ ಹೆಂಗಸಿಗೆ ಹೇಗೆ ಹೇಳುವುದು ಎಂದರು. ಹೆರಿಗೆ ಆಗಲಿ ಅಂದುಕೊಂಡೆ, ಹಾಲು ಬತ್ತಿಹೋದೀತು ಅಂದುಕೊಂಡೆ, ಅವಳ ಗಂಡ ಹಡಗಿನಿಂದ ಇಳಿದು ಬರಲಿ ಅಂದುಕೊಂಡೆ ಎಂದರು. ಫೋಟೋ ಅವನಿಗೆ ಕಳಿಸಬೇಕಾಗಿತ್ತಂತೆ. ದೂರದಲ್ಲಿರುವವನು ಮಗುವಿನ ಕಣ್ಣು ನೋಡಿ ಗಾಬರಿಯಾಗಬಾರದಲ್ಲ ಎಂದರು. ಅದನ್ನು ಅವರು ನಿಜವಾದ ಕಕ್ಕುಲಾತಿಯಿಂದಲೇ ಹೇಳಿದರು. ಅದು ಕೇಳಿಯೇ ಅವಳ ಹೊಟ್ಟೆ ಇನ್ನಷ್ಟು ಉರಿದದ್ದು.

"ನಿಮಗೆ ಮೊದಲೇ ಗೊತ್ತಿತ್ತು," ಎಂದಳು ದೊಡ್ಡವಳು. "ನನ್ನ ಮಗಳು ಹುಟ್ಟಿದ ದಿನಾನೇ ಗೊತ್ತಿತ್ತು. ಇಲ್ಲದಿದ್ರೆ ಇಷ್ಟು ನೀಟಾಗಿ ಕೈ ಓಡಲ್ಲ. ಈ ಕಣ್ಣು ನೀವು ಮೊದಲೂ ತಿದ್ದಿದ್ದೀರಿ."

ಅಪ್ಪನ ನೋಟ ಅವರಿಗೇ ಗೊತ್ತಿಲ್ಲದೆ ಮುಂಭಾಗದ ಗಾಜಿನ ಕಪಾಟಿನ ಕಡೆ ಹೋಯಿತು. ಅಲ್ಲಿ ನಡುವಿಗೆ ಇಟ್ಟಿದ್ದದ್ದು ಸ್ಟುಡಿಯೋದ ಹೆಮ್ಮೆಯ ಫೋಟೋ. ಮರದ ಕುದುರೆಯ ಮೇಲೆ ಕೂತ ಗಂಡುಮಗು, ಹೊಳೆಯುವ ಕಂದು ಕಣ್ಣುಗಳು. ಯಾರೋ ಗಿರಾಕಿಯ ಮಗು ಎಂದು ಅಪ್ಪ ಹೇಳುತ್ತಿದ್ದರು. ಗಿರಾಕಿಗಳಿಗೆ ದೊಡ್ಡವಳೂ ಅದನ್ನೇ ಹೇಳುತ್ತಿದ್ದಳು, ಆ ಗಾಜನ್ನು ಬೆಳಗಾದರೆ ಒರೆಸುತ್ತಿದ್ದಳು.

"ನಿಮ್ಮಿಬ್ಬರಿಗಿಂತ ಮುಂಚೆ ಒಬ್ಬ ಇದ್ದ," ಎಂದರು ಅಪ್ಪ. "ನಿಮ್ಮಣ್ಣ. ಮೂರು ವರ್ಷಕ್ಕೆ ಹೊಟ್ಟೇಲಿ ಗಡ್ಡೆ ಆಗಿ ಹೋದ. ಆಗ ಯಾವ ಡಾಕ್ಟರಿಗೂ ಏನೂ ಗೊತ್ತಿರಲಿಲ್ಲ. ಒಂದು ಸಲ ಆಗಿದ್ದು, ದುರದೃಷ್ಟ ಅಂದ್ಕೊಂಡೆ. ಅದು ಮತ್ತೆ ಬರುತ್ತೆ ಅಂತ ನನಗೆ ಹೇಗೆ ಗೊತ್ತಾಗಬೇಕು? ಊರಿಗೆಲ್ಲ ಹೇಳ್ಕೊಂಡು ತಿರುಗಿದ್ರೆ ನಿಮ್ಮಿಬ್ಬರನ್ನ ಯಾರು ಮದುವೆ ಆಗ್ತಿದ್ರು?"

"ಯಾರೂ ಆಗ್ತಿರಲಿಲ್ಲ ಅಂತಾನೇ ಇಟ್ಕೊಳ್ಳಿ. ಮದುವೆ ಆಗದಿದ್ರೆ ಯಾರೂ ಸಾಯಲ್ಲ ಅಪ್ಪ."

ಅವಳಿಗೆ ಇನ್ನೂ ನೂರು ಮಾತು ನಾಲಿಗೆಯ ತುದಿಯಲ್ಲಿತ್ತು. ನನ್ನ ಮಗಳ ಹೊಟ್ಟೆ ಈ ಬದಿಯಿಂದ ಆ ಬದಿಗೆ ಕೊಯ್ದಿದ್ದಾರೆ ಎನ್ನಬೇಕೆನಿಸಿತು. ಗೂಬೆಮರಿ ಎಂದು ಕರೆದ ಬಾಯಿಗೆ ಹೊಡೆಯಬೇಕೆನಿಸಿತು. ಕಪಾಟಿನ ಗಾಜು ಒಡೆಯಬೇಕೆನಿಸಿತು. ಒಂದನ್ನೂ ಮಾಡದೆ ಮೆಟ್ಟಿಲು ಇಳಿದಳು, ಯಾಕೆಂದರೆ ಆ ಕೆಲಸಗಳಿಗೆ ಆಮೇಲೆ ಸಮಯವಿತ್ತು. ಹಿಂದಿನಿಂದ ಅಪ್ಪ ಶಟರ್ ಅರ್ಧ ಎಳೆದು, ಏದುಸಿರು ಬಿಡುತ್ತಾ ಓಡಿ ಬಂದರು. ಟ್ಯಾಕ್ಸಿಯಲ್ಲಿ ಇಬ್ಬರೂ ಆ ಕಿಟಕಿಗೊಬ್ಬರು ಈ ಕಿಟಕಿಗೊಬ್ಬರು ಕೂತರು. ಪುಟ್ಟಿಗೆ ನಾನೇ ಹೇಳುತ್ತೇನೆ, ಒಂದು ವಾರ ಕೊಡು ಎಂದು ಅಪ್ಪ ದಾರಿಯುದ್ದಕ್ಕೂ ಬೇಡಿಕೊಂಡರು. ಅವಳು ಕಿವುಡಿಯ ಹಾಗೆ ಕೂತಿದ್ದಳು.

ಮನೆಯಲ್ಲಿ ಪುಟ್ಟಿಯ ಕೋಣೆಯ ಕಿಟಕಿಗೆ ದಪ್ಪ ಬಟ್ಟೆ ಇಳಿಬಿಟ್ಟಿತ್ತು. ಸ್ಟುಡಿಯೋದ ಹಳೆಯ ಡಾರ್ಕ್‌ರೂಮಿನ ಕಪ್ಪು ಬಟ್ಟೆ ಅದು. ಹೊಸ ಮಗುವಿಗೆ ಬೆಳಕು ಆಗುವುದಿಲ್ಲವಂತೆ, ಅಪ್ಪ ಕಟ್ಟಿದರು ಎಂದು ಪುಟ್ಟಿ ನಗುತ್ತಾ ಹೇಳಿದಳು. ಅಕ್ಕ ಕೊನೆಗೂ ಬಂದಳಲ್ಲ ಎಂದು ಅವಳಿಗೆ ಖುಷಿ. ದೊಡ್ಡವಳು ಬಾಗಿಲ ಹತ್ತಿರ ನಿಂತೇ ಎಲ್ಲವನ್ನೂ ಹೇಳಿದಳು. ಕಣ್ಣಿನ ಉಂಗುರ, ಕತ್ತರಿಸಿದ ರೋಲು, ಮೂತ್ರಪಿಂಡ, ಮೂರು ತಿಂಗಳಿಗೊಮ್ಮೆ ಆಗಬೇಕಾದ ಸ್ಕ್ಯಾನ್, ಕುದುರೆಯ ಮೇಲೆ ಕೂತ ಅಣ್ಣ. ಮೆತ್ತಗೆ ಹೇಳುವುದು ಅವಳಿಂದ ಆಗಲಿಲ್ಲ, ಅವಳು ಯತ್ನಿಸಲೂ ಇಲ್ಲ. ಆ ಮನೆಯಲ್ಲಿ ಎಲ್ಲವನ್ನೂ ಮೆತ್ತಗೆ ಮಾಡಿಯೇ ಈ ಗತಿ ಬಂದದ್ದು.

ಪುಟ್ಟಿಯ ಮುಖದಿಂದ ನಗು ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಮಗುವನ್ನು ಎತ್ತಿಕೊಂಡು ಕಪ್ಪು ಬಟ್ಟೆಯ ಅಂಚನ್ನು ಒಂದಿಷ್ಟು ಸರಿಸಿದಳು. ಬೆಳಕು ಮುಖಕ್ಕೆ ಬಿದ್ದದ್ದೇ ಮಗು ಕಣ್ಣು ಮುಚ್ಚಿ ಚೀರಿತು. ಅವಳು ಬಟ್ಟೆ ಬಿಟ್ಟಳು.

"ನನಗೆ ಫೋನ್ ಮಾಡಿದಾಗ ಒಂದು ಮಾತು ಕೇಳಬಹುದಿತ್ತಲ್ಲ ಅಕ್ಕ," ಎಂದಳು.

"ಕೇಳಬೇಕಿತ್ತು," ಎಂದಳು ದೊಡ್ಡವಳು. ಆ ಪೆಟ್ಟು ತನಗೆ ಬೀಳಬೇಕಾದದ್ದೇ ಎಂದು ಅವಳಿಗೂ ಗೊತ್ತಿತ್ತು.

ಪುಟ್ಟಿ ಮಗುವಿಗೆ ಟೊಪ್ಪಿ ಹಾಕಿದಳು, ಮುಖದ ಮೇಲೆ ತೆಳು ಬಟ್ಟೆ ಹೊದಿಸಿದಳು, ಒದ್ದೆಬಟ್ಟೆಗಳನ್ನು ಕಾಲಿನಲ್ಲೇ ಮೂಲೆಗೆ ತಳ್ಳಿದಳು. ಅಪ್ಪ ಬಾಗಿಲಿಗೆ ಅಡ್ಡ ನಿಂತಿದ್ದರು. ಹಸಿ ಬಾಣಂತಿ ಈ ಬಿಸಿಲಲ್ಲಿ ಹೊರಗೆ ಹೋಗುವುದುಂಟೇ, ನಾಳೆ ಹೋದರಾಯಿತು, ನಾನೇ ಕರೆದುಕೊಂಡು ಹೋಗುತ್ತೇನೆ ಎಂದರು.

"ಪಕ್ಕಕ್ಕೆ ಸರೀರಿ ಅಪ್ಪ," ಎಂದಳು ಪುಟ್ಟಿ.

ಅಪ್ಪ ಸರಿದರು. ಹೊರಗೆ ಬಂದು ನೋಡಿದರೆ ಅಮ್ಮ ಆಗಲೇ ಟ್ಯಾಕ್ಸಿಯಲ್ಲಿ ಕೂತಿದ್ದಳು, ಮಡಿಲಲ್ಲಿ ಮಗುವಿನ ಚೀಲ. ಆ ಮನೆಯಲ್ಲಿ ಅಮ್ಮನಿಗೆ ಬಾಯಿ ಇದೆ ಎಂಬುದೇ ಎಲ್ಲರಿಗೂ ಮರೆತುಹೋಗಿತ್ತು. ಅಡುಗೆ ಆಯಿತು, ಬನ್ನಿ ಎನ್ನುವಷ್ಟಕ್ಕೆ ಮಾತ್ರ ಅದು ತೆರೆಯುತ್ತಿತ್ತು. ಈಗ ಪಕ್ಕಕ್ಕೆ ಸರಿದು ಹೆಣ್ಣುಮಕ್ಕಳಿಗೆ ಜಾಗ ಮಾಡಿಕೊಟ್ಟಳು. ಅಪ್ಪ ಮುಂದೆ ಡ್ರೈವರಿನ ಪಕ್ಕದಲ್ಲಿ ಕೂತರು.

ಡಾಕ್ಟರಮ್ಮ ಮಗುವಿನ ಕಣ್ಣನ್ನು ಒಂದು ಸಲ ನೋಡಿ, ದೊಡ್ಡವಳನ್ನು ಒಂದು ಸಲ ನೋಡಿ ತುಟಿ ಬಿಗಿದುಕೊಂಡರು. ಇವರಿಗೆ ತಿಳಿಸಲಿಲ್ಲವೇ ಎಂದರು. ತಿಳಿಸಿದ್ದೇನೆ ಎಂದು ಅಪ್ಪ ನನಗೆ ತಿಳಿಸಿದ್ದರು ಎಂದಳು ದೊಡ್ಡವಳು. ಡಾಕ್ಟರಮ್ಮನಿಗೆ ಅರ್ಥವಾಯಿತು. ಅಪ್ಪ ಒಳಗೆ ಬರಲಿಲ್ಲ, ಹೊರಗಿನ ಬೆಂಚಿನ ಮೇಲೆ ಉಳಿದರು. ಸ್ಕ್ಯಾನಿನ ಕೋಣೆಯಲ್ಲಿ ಮಗುವಿನ ಹೊಟ್ಟೆಗೆ ತಣ್ಣನೆಯ ಜೆಲ್ ಹಚ್ಚಿದಾಗ ಅದು ಕಾಲು ಝಾಡಿಸಿತು. ಪುಟ್ಟಿ ಪರದೆಯನ್ನೇ ನೋಡುತ್ತಿದ್ದಳು. ಎರಡೂ ಮೂತ್ರಪಿಂಡಗಳು ಚೊಕ್ಕಟವಾಗಿವೆ ಎಂದು ಸ್ಕ್ಯಾನ್ ಮಾಡಿದವರು ಹೇಳಿದರು. ಅಕ್ಕತಂಗಿಯರು ಒಬ್ಬರ ಕೈಯನ್ನೊಬ್ಬರು ನೋಯುವಷ್ಟು ಹಿಡಿದುಕೊಂಡಿದ್ದರು. ಚೊಕ್ಕಟ ಎಂದರೆ ಈವತ್ತಿಗೆ ಚೊಕ್ಕಟ. ಮಗುವಿನದೂ ಪುಟ್ಟಿಯದೂ ರಕ್ತ ತೆಗೆದುಕೊಂಡರು, ಮೂರು ತಿಂಗಳಿಗೆ ಮತ್ತೆ ಬನ್ನಿ, ಒಂದು ಸಲವೂ ತಪ್ಪಿಸಬೇಡಿ ಎಂದರು.

ಆಮೇಲೆ ಡಾಕ್ಟರಮ್ಮ ಒಂದು ಹಾಳೆ ಎಳೆದುಕೊಂಡು ಕುಟುಂಬದ ನಕ್ಷೆ ಬರೆಯತೊಡಗಿದರು. ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ. ಅಪ್ಪ, ಅಮ್ಮ, ದೊಡ್ಡವಳು, ಪುಟ್ಟಿ, ಇಬ್ಬರ ಮಕ್ಕಳು. ನಮಗಿಂತ ಮುಂಚೆ ಒಬ್ಬ ಅಣ್ಣ ಇದ್ದನಂತೆ, ಇದೇ ಕಣ್ಣು, ಇದೇ ಗಡ್ಡೆ, ಮೂರು ವರ್ಷಕ್ಕೆ ಹೋದನಂತೆ, ನನಗೂ ಗೊತ್ತಾದದ್ದು ಈವತ್ತೇ ಎಂದಳು ದೊಡ್ಡವಳು. ಡಾಕ್ಟರಮ್ಮ ಇನ್ನೊಂದು ಚೌಕ ಬರೆದು ಅದರ ಮೇಲೆ ಓರೆಗೆರೆ ಎಳೆದರು.

"ಒಬ್ಬನೇ ಅಲ್ಲ," ಎಂದಳು ಅಮ್ಮ.

ಎಲ್ಲರೂ ತಿರುಗಿದರು. ಅಮ್ಮ ಹಾಳೆಯನ್ನೇ ನೋಡುತ್ತಿದ್ದಳು.

"ಅವನಾದ ಮೇಲೆ ಇನ್ನೊಂದು. ಹೆಣ್ಣು. ಒಂದು ವರ್ಷ ತುಂಬಲಿಲ್ಲ, ಹೊಟ್ಟೆ ಊದ್ಕೊಳ್ತು."

ಆ ಮಗುವಿಗೂ ಇಂಥದೇ ಕಣ್ಣಿತ್ತೇ, ಖಚಿತವೇ, ಒಂದು ಫೋಟೋ ಇದ್ದರೆ ಒಳ್ಳೆಯದಿತ್ತು ಎಂದರು ಡಾಕ್ಟರಮ್ಮ.

"ಫೋಟೋ ಇಲ್ಲ," ಎಂದಳು ಅಮ್ಮ. "ಹುಟ್ಟಿದ ದಿನ ನಿಮ್ಮಪ್ಪ ಕಣ್ಣು ನೋಡಿದ್ರು. ಇದೂ ಉಳಿಯಲ್ಲ ಅಂದ್ರು. ಕ್ಯಾಮೆರಾ ಕೆಳಗಿಟ್ಟು ಎದ್ದು ಹೋದ್ರು. ಆ ಮಗೂದು ಒಂದು ಫೋಟೋನೂ ತೆಗೀಲಿಲ್ಲ."

ಪುಟ್ಟಿ ಮಗುವನ್ನು ಎದೆಗೆ ಒತ್ತಿಕೊಂಡಳು. ಡಾಕ್ಟರಮ್ಮನ ಪೆನ್ನು ಹಾಳೆಯ ಮೇಲೆ ನಿಂತಿತು. ಒಂದು ಸಲ ಆದದ್ದು ಎಂದು ಅಪ್ಪ ಸ್ಟುಡಿಯೋದಲ್ಲಿ ಹೇಳಿದ್ದರು. ಎಲ್ಲ ಬಿಚ್ಚಿ ಹೇಳುವವರ ಹಾಗೆ ಹೇಳಿದ್ದರು. ತಪ್ಪೊಪ್ಪಿಕೊಳ್ಳುವಾಗಲೂ ತಿದ್ದಿಯೇ ಕೊಟ್ಟಿದ್ದರು. ಎರಡು ಸಲ ನೋಡಿದ ಮನುಷ್ಯ ತನ್ನ ಮಗಳ ಕೂಸಿನ ಕಣ್ಣು ನೋಡಿ ಗೂಬೆಮರಿ ಎಂದು ನಕ್ಕಿದ್ದರು.

ದೊಡ್ಡವಳು ಎದ್ದು ಹೋಗಿ ಬಾಗಿಲು ತೆರೆದಳು. ಅಪ್ಪ ಬೆಂಚಿನಿಂದ ಆಸೆಯಿಂದ ತಲೆಯೆತ್ತಿ, ಸ್ಕ್ಯಾನ್ ಚೆನ್ನಾಗಿದೆಯಾ ಎಂದು ಕೇಳಿದರು.

"ಒಳಗೆ ಬನ್ನಿ," ಎಂದಳು.

ಅವರು ಒಳಗೆ ಬಂದು, ಎಲ್ಲರ ಮುಖ ನೋಡಿ, ಗೋಡೆಯ ಪಕ್ಕದಲ್ಲಿದ್ದ ಖಾಲಿ ಕುರ್ಚಿಗೆ ಕೈ ಹಾಕಿದರು.

"ಕೂರಬೇಡಿ. ನಿಂತ್ಕೊಂಡೇ ಕೇಳಿ," ಎಂದಳು ದೊಡ್ಡವಳು. "ಅಮ್ಮಾ, ಮೊದಲಿಂದ ಹೇಳು."